ನಾಲ್ಕು ಬೆರಳು ಹೆಚ್ಚಾದ ಎಡರೆಕ್ಕೆ

ನಾನು ಒಂದು ನಕಲಿ ವಿಮಾನ. ಅವಮಾನವೇನಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ನೂರು ವರ್ಷಕ್ಕೂ ಹಿಂದೆ, ಮನುಷ್ಯರು ಎಂಜಿನ್ ಕಟ್ಟಿಕೊಂಡು ಹಾರಲು ಕಲಿಯುತ್ತಿದ್ದ ಕಾಲದಲ್ಲಿ, ನನ್ನಂಥದ್ದೇ ಒಂದಿತ್ತು. ಅದನ್ನು ನೋಡಿ ನನ್ನನ್ನು ಮಾಡಿದರು. ನೋಡಿ ಎಂದರೆ ಒಂದು ಮಸುಕು ಫೋಟೋ ನೋಡಿ. ನಕ್ಷೆ ಯಾರ ಬಳಿಯೂ ಇರಲಿಲ್ಲ. ಹಾರಿಸಿದವರನ್ನು ಕೇಳೋಣವೆಂದರೆ ಅವರಲ್ಲಿ ಅರ್ಧ ಜನ ಅದರಿಂದಲೇ ಬಿದ್ದು ಸತ್ತಿದ್ದರು, ಉಳಿದರ್ಧ ವಯಸ್ಸಾಗಿ.

ಕೋಲಾರದ ಕಡೆ ಒಂದು ಪಾಳುಬಿದ್ದ ಏರ್‌ಸ್ಟ್ರಿಪ್, ಅದರ ತಗಡಿನ ಶೆಡ್ಡಿನಲ್ಲಿ ನಾನು ಹುಟ್ಟಿದೆ. ಹೆತ್ತವರು ಮೂವರು. ಮರಗೆಲಸಕ್ಕೆ ಚೌರಪ್ಪ, ಎರಕದ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಮರದ ಅಚ್ಚು ಕೆತ್ತಿದವನು. ತಂತಿ, ಕಬ್ಬಿಣಕ್ಕೆ ಅದೇ ಕಾರ್ಖಾನೆಯ ಫಿಟ್ಟರ್ ಖಲಂದರ್ ಸಾಬರು. ಹಾರಿಸಲು ಕೊಡಗಿನ ಬೊಳ್ಳಮ್ಮ. ಗ್ಲೈಡರ್ ಹಾರಿಸುವುದನ್ನು ಕಲಿಸಿ ಕಲಿಸಿಯೇ ತಲೆ ನರೆತ ಹೆಂಗಸು.

ಹಳೆಯ ಮರ ಸಿಗಲಿಲ್ಲ. ಬೊಳ್ಳಮ್ಮ ಕಾಫಿ ತೋಟದ ಸಿಲ್ವರ್ ಓಕ್ ತಂದಳು. ಹಳೆಯ ಎಂಜಿನ್ನೂ ಸಿಗದೆ ಹೊಸದನ್ನಿಟ್ಟರು. ಅದು ಎಷ್ಟು ಹಗುರವೆಂದರೆ, ನಾನು ನಾಯಿಯ ಹಾಗೆ ಬಾಲದ ಮೇಲೆ ಕೂತುಬಿಟ್ಟೆ. ಮೂತಿಗೆ ಸೀಸದ ಗಟ್ಟಿ ಕಟ್ಟಿದರು. ರೆಕ್ಕೆಯ ಬಟ್ಟೆ ಮಳೆಗಾಲದಲ್ಲಿ ಜೋತುಬಿತ್ತು, ಬೇಸಿಗೆಯಲ್ಲಿ ಬಿಗಿದು ಪಕ್ಕೆಲುಬು ಮುರಿಯಿತು. ಹೀಗೇ ಆರು ವರ್ಷ.

ಎಡರೆಕ್ಕೆ ಜೋಡಿಸುವ ದಿನ ಬೋಲ್ಟಿನ ತೂತುಗಳು ಕೂಡಲಿಲ್ಲ. ಮರದ ಅಳತೆ ಹೆಚ್ಚಾಗಿದೆ ಎಂದರು ಸಾಬರು. ಮರ ಸರಿಯಾಗಿ ಒಣಗಿಲ್ಲ, ಅಷ್ಟೇ ಎಂದ ಚೌರಪ್ಪ. ಸಾಬರು ತೂತುಗಳನ್ನೇ ಅರದಿಂದ ಉಜ್ಜಿ ದೊಡ್ಡದು ಮಾಡಿ ಕೂಡಿಸಿದರು.

ಮೊದಲ ಸಲ ನೆಲ ಬಿಟ್ಟು ಆರಡಿ ಏಳುತ್ತಲೇ ಬಲಕ್ಕೆ ವಾಲಿದೆ. ಎರಡನೇ ಸಲವೂ, ಮೂರನೇ ಸಲವೂ. ತಂತಿ ಬಿಗಿದದ್ದು ಸರಿಯಿಲ್ಲವೆಂದು ಚೌರಪ್ಪ ಹಠ ಹಿಡಿದ. ಸಾಬರು ಹನ್ನೊಂದು ಸಲ ಬಿಚ್ಚಿ ಹನ್ನೊಂದು ಸಲ ಬಿಗಿದರು. ಕೊನೆಗೆ ಚೌರಪ್ಪ ಹೇಳಬಾರದ್ದನ್ನು ಹೇಳಿದ.

"ಕೈ ನಡುಗ್ತದೆ ಸಾಬ್ರೇ ನಿಮ್ದು. ಮನೇಲಿರಿ ಇನ್ನ."

ಸಾಬರು ಕೈ ಒರೆಸಿಕೊಂಡು ಸೈಕಲ್ ಹತ್ತಿದರು. ತಮ್ಮ ಸ್ಟೀಲ್ ಸ್ಕೇಲನ್ನೂ ಮರೆತು ಹೋದರು.

ನಾನು ಹಾರಲು ಅನುಮತಿ ಸಿಕ್ಕಿದ್ದು ಒಂದೇ ಬೆಳಿಗ್ಗೆಗೆ, ಆರರಿಂದ ಒಂಬತ್ತು. ಬೊಳ್ಳಮ್ಮ ಹಾರಬಹುದೆಂದು ಡಾಕ್ಟರು ಬರೆದುಕೊಟ್ಟ ಚೀಟಿಯೂ ಆ ತಿಂಗಳಿಗೇ ಮುಗಿಯುತ್ತಿತ್ತು. ಅವಳ ಎದೆಯ ಬಡಿತ ಕೇಳಿದ ಮೇಲೆ ಇನ್ನೊಂದು ಚೀಟಿ ಕೊಡುವುದಿಲ್ಲವೆಂದು ಅವರು ಮೊದಲೇ ಹೇಳಿದ್ದರು.

ಹಿಂದಿನ ಮಧ್ಯಾಹ್ನ ಎಡರೆಕ್ಕೆಯ ಒಂದು ಪಟ್ಟಿ ಬಿರುಕು ಬಿಟ್ಟಿತ್ತು. ಚೌರಪ್ಪ ಮೊದಲು ಬರೆದಿಟ್ಟಿದ್ದ ಅಳತೆಯನ್ನೇ ಕೈಗೆ ಸಿಕ್ಕ ಸಾಬರ ಸ್ಕೇಲಿನಿಂದ ಅಳೆದು ಹೊಸದು ಕೊಯ್ದ. ಅದು ಗಿಡ್ಡವಾಯಿತು. ಮತ್ತೆ ಕೊಯ್ದ, ಮತ್ತೆ ಗಿಡ್ಡ. ತನ್ನ ಪೆಟ್ಟಿಗೆಯ ಸ್ಕೇಲು ತೆಗೆದು ಸಾಬರ ಸ್ಕೇಲಿನ ಪಕ್ಕ ಇಟ್ಟ. ಮೊದಲ ಗೆರೆ ಕೂಡಿತು, ಕೊನೆಯ ಗೆರೆ ಕೂಡಲಿಲ್ಲ.

ಕರಗಿದ ಲೋಹ ಆರಿದಾಗ ಕುಗ್ಗುತ್ತದೆ. ಅದಕ್ಕೇ ಅಚ್ಚನ್ನು ತುಸು ದೊಡ್ಡದಾಗಿ ಮಾಡಬೇಕು. ಲೆಕ್ಕ ತಪ್ಪದಿರಲೆಂದು ಅಚ್ಚಿನವರ ಸ್ಕೇಲಿನ ಗೆರೆಗಳನ್ನೇ ಅಗಲಿಸಿ ಹೊಡೆದಿರುತ್ತಾರೆ, ಮೀಟರಿಗೆ ಹದಿಮೂರು ಮಿಲಿಮೀಟರ್ ಹೆಚ್ಚು. ನನ್ನ ಬಲರೆಕ್ಕೆ ಮಾಡುವಾಗ ಚೌರಪ್ಪ ಸಾಬರ ಸ್ಕೇಲು ಇಸಿದುಕೊಂಡಿದ್ದ. ಎಡರೆಕ್ಕೆಗೆ ಬರುವಷ್ಟರಲ್ಲಿ ಕೈ ಅಭ್ಯಾಸದಂತೆ ತನ್ನ ಪೆಟ್ಟಿಗೆಗೆ ಹೋಗಿತ್ತು. ನನ್ನ ಎಡರೆಕ್ಕೆ ನಾಲ್ಕು ಬೆರಳು ಉದ್ದ, ಅಗಲವೂ ಹೆಚ್ಚು.

ಹೊಸ ರೆಕ್ಕೆಗೆ ನಾಲ್ಕು ತಿಂಗಳು ಬೇಕು. ಇದ್ದದ್ದು ಒಂದು ರಾತ್ರಿ. ಕತ್ತಲಾಗುವವರೆಗೂ ಅವನು ನನ್ನ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದ.

ಬೆಳಿಗ್ಗೆ ಹೇಳಿಬಿಟ್ಟ. ಬೊಳ್ಳಮ್ಮ ಟೋಪಿಯ ಪಟ್ಟಿ ಬಿಗಿದುಕೊಳ್ಳುತ್ತಲೇ ಕೇಳಿದಳು.

"ಬಲಕ್ಕೆ ಎಳೀತದೆ ಅಂತ ಗೊತ್ತುಂಟಲ್ಲ. ಎಡಕ್ಕೆ ಹಿಡೀತೇನೆ. ಅದಕ್ಕೆಂತ?"

"ಆರಡೀಲಿ ಹಿಡೀಬೌದು ಕಣಮ್ಮ. ಮೇಲೋಗಿ ಬಲಕ್ಕೆ ತಿರುಗಿಸಿದ್ರೆ ವಾಪಸ್ ಬರಲ್ಲ ಇದು. ಮಗುಚ್ಕೊಳ್ತದೆ."

"ಬರದಿದ್ರೆ ಬೇಡ. ಇವತ್ತು ಬಿಟ್ರೆ ನನಗೆ ಇನ್ನು ಯಾವ ದಿನ ಉಂಟು, ಹೇಳು ನೋಡುವ."

ಅವಳು ಹತ್ತಿ ಕೂತಳು. ತಂತಿ ನೋಡುತ್ತೇನೆಂದು ಅವನು ಎಡರೆಕ್ಕೆಯ ಕೆಳಗೆ ನುಸುಳಿದ. ನಾನೂ ತಂತಿಯೆಂದೇ ನಂಬಿದೆ. ಗರಗಸದ ಹಲ್ಲು ಬಟ್ಟೆ ಸೀಳಿ ರೆಕ್ಕೆಯ ಬೆನ್ನುಮೂಳೆಗೆ ತಾಗಿದಾಗಲೇ ಗೊತ್ತಾದದ್ದು. ಅವಳು ಇಳಿದು ಓಡಿಬರುವಷ್ಟರಲ್ಲಿ ಮರ ಮುಕ್ಕಾಲು ತುಂಡಾಗಿತ್ತು. ಅವನ ಕೊರಳಪಟ್ಟಿ ಹಿಡಿದಳು. ಬಿಟ್ಟಳು. ಮರದ ಪುಡಿಯ ಮೇಲೇ ಕೂತಳು. ಗಾಳಿ ಚೆನ್ನಾಗಿತ್ತು, ಆಕಾಶ ತಿಳಿಯಾಗಿತ್ತು. ಒಂಬತ್ತು ಗಂಟೆಯವರೆಗೂ ಅವಳು ಏಳಲಿಲ್ಲ.

ಆಮೇಲೆ ಒಂದು ಕಾಲೇಜಿನವರು ನನ್ನನ್ನು ಒಯ್ದರು. ತುಂಡಾದ ರೆಕ್ಕೆಗೆ ಕಬ್ಬಿಣದ ಪಟ್ಟಿ ಹಾಕಲು ಸಾಬರು ಬಂದರು. ಚೌರಪ್ಪ ಬೋಲ್ಟು ಕೊಡುತ್ತಿದ್ದ, ಸಾಬರು ತೆಗೆದುಕೊಳ್ಳುತ್ತಿದ್ದರು.

ಈಗ ಹದಿನಾಲ್ಕು ವರ್ಷದಿಂದ ಸಭಾಂಗಣದ ಸೂರಿಗೆ ನೇತುಬಿದ್ದಿದ್ದೇನೆ. ಎಂಜಿನ್ನಿನ ಜಾಗದಲ್ಲಿ ಪಾರಿವಾಳಗಳಿವೆ. ಚೌರಪ್ಪ ಹೋಗಿ ಎರಡು ವರ್ಷವಾಯಿತು. ಬೊಳ್ಳಮ್ಮ ಆಗಾಗ ಕೋಲೂರಿಕೊಂಡು ಬರುತ್ತಾಳೆ, ಕತ್ತೆತ್ತಿ ನನ್ನನ್ನು ನೋಡುತ್ತಾಳೆ, ಸತ್ತವನನ್ನು ಬಾಯ್ತುಂಬ ಬೈಯುತ್ತಾಳೆ. ತನ್ನ ಒಂದೇ ದಿನವನ್ನು ಕದ್ದ ಕಳ್ಳ ಅವನು, ಕ್ಷಮಿಸುವುದಿಲ್ಲ ಎನ್ನುತ್ತಾಳೆ. ಅವಳು ಹೇಳುವುದೂ ಸರಿಯೇ. ಹಾರಲೆಂದು ಹುಟ್ಟಿ ಹಾರದವನು ನಾನು, ನನಗೂ ಸಿಟ್ಟಿದೆ.

ಬೈಯಲಿ. ಬೈಯಲು ಇದ್ದಾಳಲ್ಲ.