ಕೆಂಪು ದಾರದ ಚೂರಿ

ಇಬ್ಬರು ಆಳುಗಳು ಏಣಿ ಹಾಕಿ ಕೆಲಸದ ಹೆಂಗಸರು ತಂಗುವ ಮನೆಯ ಸೂರು ಹತ್ತುತ್ತಿರುವುದು ಎಲೋಯ್ಸಾಗೆ ಏಡಿ ಬಿಡಿಸುವ ಶೆಡ್ಡಿನ ಕಿಟಕಿಯಿಂದಲೇ ಕಂಡಿತು. ಆ ಸೂರು ಏಪ್ರಿಲ್‌ನಿಂದ ಸೋರುತ್ತಿತ್ತು. ಈಗ ನವೆಂಬರ್ ಮುಗಿಯುತ್ತ ಬಂದು, ನಾಳೆ ಎಲ್ಲರೂ ಈ ವರ್ಷದ ಕೆಲಸ ಮುಗಿಸಿ ಮೆಕ್ಸಿಕೋದ ತಮ್ಮೂರಿಗೆ ಬಸ್ಸು ಹತ್ತಬೇಕೆನ್ನುವಾಗ ಧಣಿಗೆ ಅದರ ಮೇಲೆ ಕರುಣೆ ಹುಟ್ಟಿತ್ತು.

"ಯಾರೋ ದೂರು ಕೊಟ್ಟಿದ್ದಾರಂತೆ, ಇವತ್ತು ಸರ್ಕಾರದೋರು ಬರ್ತಾರಂತೆ," ಪಕ್ಕದ ಕೂಕಾ ಏಡಿಯ ಬೆನ್ನುಚಿಪ್ಪು ಕಿತ್ತೆಸೆದಳು. "ಮುಂಚೇನೇ ಹೇಳಿಕಳ್ಸಿ ಬರ್ತಾರೆ ನೋಡು, ಬೀಗರ ಥರ. ಧಣಿ ಕೋಳಿ ಕುಯ್ಸಿಲ್ಲ, ಅಷ್ಟೆ."

"ದೂರು ಕೊಟ್ಟಿದ್ದು ಯಾರು?"

"ನಾನಂತೂ ಅಲ್ಲಮ್ಮ. ನೀನಾ? ಬಾಯಿ ಬಿಡದೋರನ್ನ ನಂಬಬಾರ್ದು."

ಎಲೋಯ್ಸಾ ನಗಲಿಲ್ಲ. ಅವಳ ಕಣ್ಣು ಮೇಜಿನ ತುದಿಯಲ್ಲಿದ್ದ ದೊನ್ಯಾ ಒಬ್ದೂಲಿಯಾಳ ಮೇಲಿತ್ತು. ಇವರನ್ನೆಲ್ಲ ಒಂದೇ ಊರಿನಿಂದ ಈ ಕೆಲಸಕ್ಕೆ ಕರೆತಂದ ಹಿರಿಯಳೆಂದು ಎಲ್ಲರೂ ಅವಳನ್ನು ಗೌರವದಿಂದ ದೊನ್ಯಾ ಅನ್ನುತ್ತಿದ್ದರು. ನಿನ್ನೆ ಧಣಿಯ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಬಹಳ ಹೊತ್ತು ಕೂತಿದ್ದಳು. ಹೊರಬಂದವಳು ಯಾರ ಮುಖವನ್ನೂ ನೋಡಲಿಲ್ಲ. ಧಣಿಗೆ ಸುದ್ದಿ ಮುಟ್ಟಿಸುವವಳು ಇವಳೇ ಎಂದು ಎಲೋಯ್ಸಾ ಮನಸ್ಸಿನಲ್ಲೇ ತೀರ್ಮಾನಿಸಿದ್ದಳು. ಭಾನುವಾರಗಳ ಸುದ್ದಿಯನ್ನು ಇವಳ ಕಿವಿಗೆ ಹಾಕದಿದ್ದದ್ದೇ ಒಳ್ಳೆಯದಾಯಿತು.

ಪ್ರತಿ ಭಾನುವಾರ ಧಣಿ ಎಲೋಯ್ಸಾಳನ್ನು ಕಾರಿನಲ್ಲಿ ತನ್ನ ತಾಯಿಯ ಮನೆಗೆ ಕರೆದೊಯ್ಯುತ್ತಿದ್ದ. ನೆಲ ಒರೆಸಬೇಕು, ಮುದುಕಿಯ ಮೈ ತೊಳೆಯಬೇಕು. ಅದಕ್ಕೆ ಕೂಲಿಯಿಲ್ಲ. "ಮುಂದಿನ ವರ್ಷಾನೂ ಬರ್ಬೇಕಲ್ವಾ?" ಎಂದು ನಗುತ್ತಿದ್ದ. ಬರಲೇಬೇಕಿತ್ತು. ಊರಿನಲ್ಲಿ ಮಗಳು ಅಜ್ಜಿಯ ಜೊತೆಗಿದ್ದಳು.

ಮಧ್ಯಾಹ್ನ ಬಂದ ಅಧಿಕಾರಿ ಚಿಕ್ಕ ವಯಸ್ಸಿನ ಹೆಂಗಸು, ಇವರ ಭಾಷೆಯನ್ನೇ ಆಡುವವಳು. ಒಬ್ಬೊಬ್ಬರನ್ನೇ ಮಂಜುಗಡ್ಡೆ ಯಂತ್ರದ ಬಳಿ ಕರೆದು ಮಾತಾಡಿಸಿದಳು. ಎಲೋಯ್ಸಾಳ ಸರದಿ ಬಂದಾಗಲೂ ಸ್ವಲ್ಪ ದೂರದಲ್ಲಿ ಧಣಿ ಕೈಕಟ್ಟಿ ನಿಂತಿದ್ದ.

"ಮಹಡಿ ಕೋಣೇಲಿ, ಮೂಲೆ ಮಂಚದ ಮೇಲೆ ನೀರು ಸೋರ್ತಿತ್ತಾ?"

"ಸೋರ್ತಿತ್ತು. ಮೇಡಂ, ಭಾನುವಾರ ನನ್ನನ್ನ..."

ಅಧಿಕಾರಿ ಧಣಿಯ ಕಡೆ ನೋಡಿ ದನಿ ತಗ್ಗಿಸಿದಳು. "ಕೆಲಸದ ವಿಷ್ಯಾನಾ? ನನಗೆ ಬಂದಿರೋ ದೂರು ಮನೇದು ಮಾತ್ರ ಕಣಮ್ಮ. ಅದು ಬಿಟ್ಟು ಬೇರೇದನ್ನ ಕೆದಕೋ ಅಧಿಕಾರ ನನಗಿಲ್ಲ. ಅದಕ್ಕೆ ನೀನೇ ಬೇರೆ ದೂರು ಕೊಡ್ಬೇಕು, ನಿನ್ನ ಹೆಸರಲ್ಲಿ."

"ಹೆಸರು ಅವರಿಗೆ ಗೊತ್ತಾಗುತ್ತಾ?"

"ನಾವು ಹೇಳಲ್ಲ."

ಎಲೋಯ್ಸಾ ನೆಲ ನೋಡಿದಳು. "ಏನಿಲ್ಲ ಬಿಡಿ, ಮೇಡಂ."

ಅಧಿಕಾರಿ ಸೂರಿನ ಫೋಟೊ ತೆಗೆಯಲು ಹೋದಳು. ಧಣಿ ತಗಡಿನ ಪೆಟ್ಟಿಗೆ ಹಿಡಿದು ಮೇಜಿನ ಬಳಿ ಬಂದ. ಕಡೆಯ ದಿನ ಪ್ರತಿಯೊಬ್ಬಳೂ ತನ್ನ ಚೂರಿಯ ಹಿಡಿಗೆ ತನ್ನ ಬಣ್ಣದ ದಾರ ಸುತ್ತಿ ಆ ಪೆಟ್ಟಿಗೆಯಲ್ಲಿಡುವುದು ಇಲ್ಲಿಯ ವಾಡಿಕೆ. ಮುಂದಿನ ಏಪ್ರಿಲ್‌ನಲ್ಲಿ ಕೆಲಸ ಶುರುವಾದಾಗ ಅದೇ ಚೂರಿ ಅವಳಿಗಾಗಿ ಕಾದಿರುತ್ತದೆ. ಚೂರಿ ವಾಪಸು ಬಂತೆಂದರೆ ಅವಳಿಗೆ ಇನ್ನು ಕರೆ ಬರುವುದಿಲ್ಲ.

ಕೂಕಾ ತನ್ನ ಹಳದಿ ದಾರದ್ದನ್ನು ಹಾಕಿದಳು. ಒಬ್ದೂಲಿಯಾ ಕೆಂಪು ದಾರದ್ದನ್ನು ಹಾಕಿದಳು. ಧಣಿ ಅದನ್ನು ಪೆಟ್ಟಿಗೆಯಿಂದ ತೆಗೆದು, ಬಟ್ಟೆಯಿಂದ ಒರೆಸಿ, ಅವಳ ಮುಂದಿಟ್ಟ.

"ನಿಂಗೂ ವಯಸ್ಸಾಯ್ತು. ಮನೇಲಿ ಹಾಯಾಗಿರು."

ಮೇಜಿನ ಸುತ್ತ ಎಲ್ಲ ಕೈಗಳೂ ನಿಂತವು. ಮಹಡಿಯ ಮೂಲೆ ಮಂಚ ಒಬ್ದೂಲಿಯಾಳದೆಂದು ಎಲೋಯ್ಸಾಗೆ ಆಗ ನೆನಪಾಯಿತು.

"ಏಪ್ರಿಲ್‌ನಿಂದ ಹೇಳ್ತಾನೇ ಇದ್ದೆ," ಒಬ್ದೂಲಿಯಾ ಚೂರಿಯನ್ನು ನೋಡುತ್ತ ಅಂದಳು. "ಒಂದು ಬಕೆಟ್ ಕೊಟ್ರಿ."

ಪೆಟ್ಟಿಗೆ ಎಲೋಯ್ಸಾಳ ಮುಂದೆ ಬಂದು ನಿಂತಿತು. "ಹಾಕು ಹುಡುಗಿ. ನಮ್ಮಮ್ಮ ನಿನ್ನನ್ನೇ ಕೇಳ್ತಿರ್ತಾಳೆ."

ಹೊರಗೆ ಅಧಿಕಾರಿಯ ಕಾರು ಸ್ಟಾರ್ಟ್ ಆದ ಸದ್ದು ಕೇಳಿತು. ಎಲೋಯ್ಸಾ ಹಸಿರು ದಾರದ ಚೂರಿಯನ್ನು ಏಪ್ರನ್ನಿನ ಜೇಬಿಗೆ ಇಳಿಸಿಕೊಂಡು ಎದ್ದಳು.

"ಎಲ್ಲಿಗೆ?" ಧಣಿ ಕೇಳಿದ.

ಅಂಗಳದ ತುಂಬ ಹರಡಿದ್ದ ಚಿಪ್ಪುಗಳು ಅವಳ ಬೂಟಿನಡಿ ಪುಡಿಯಾದವು. ಒದ್ದೆ ಬೆರಳಿನಿಂದ ಕಾರಿನ ಗಾಜು ತಟ್ಟಿದಳು. ಗಾಜಿನ ಮೇಲೆ ಮೂಡಿದ ಬೆರಳಿನ ಗುರುತು ಗಾಜಿನೊಂದಿಗೇ ನಿಧಾನವಾಗಿ ಕೆಳಗಿಳಿಯತೊಡಗಿತು.