ರಜೆಗೆ ಬಂದ ‘ರಿ’

ಮಿಲಿಟ್ರಿಯಿಂದ ರಜೆಗೆ ಬಂದ ದುರಗೇಶ ಗಂಗಾವತಿ ಬಸ್ ನಿಲ್ದಾಣದಲ್ಲಿ ಬಸ್ಸಿಳಿದ. ಎದುರಿಗೆ ನಿಂತಿದ್ದ ಹೆಂಡತಿಯನ್ನು ನೋಡಿ, “ಬಂದು ಭಾಳ ಹೊತ್ತಾತೇನ್ರಿ?” ಎಂದು ಕೇಳಿದ. ಗೀತಾ ಹಿಂತಿರುಗಿ ನೋಡಿದಳು. ತನ್ನ ಬೆನ್ನ ಹಿಂದೆ ಯಾರೋ ದೊಡ್ಡವರು ನಿಂತಿರಬೇಕು ಅಂದುಕೊಂಡಳು. ಹಿಂದೆ ಶೇಂಗಾ ಮಾರುವ ತಳ್ಳುಗಾಡಿಯೊಂದಿತ್ತು, ಮಾರುವವನು ಎಲ್ಲಿಗೋ ಹೋಗಿದ್ದ. ಅಂದರೆ ಆ ‘ರಿ’ ಬಂದದ್ದು ತನಗೇ.

ನಮ್ಮ ಕಡೆಯ ಮಾತು ಗೊತ್ತಿಲ್ಲದವರಿಗೆ ಇದರಲ್ಲೇನು ಮಹಾ ಅನ್ನಿಸೀತು. ರಿ ಅಂದರೆ ಮರ್ಯಾದೆ, ಒಪ್ಪಿದೆ. ಕಂಡಕ್ಟರಿಗೆ ರಿ, ಅಂಗಡಿಯವನಿಗೆ ರಿ, ದಾರಿ ಕೇಳಿದ ಹುಡುಗನಿಗೂ ರಿ. ಆದರೆ ಹೆಂಡತಿಗೆ ಗಂಡ ರಿ ಹಚ್ಚಿದ ಅಂದರೆ ಒಂದೋ ಚೇಷ್ಟೆ, ಇಲ್ಲವೋ ಸಿಟ್ಟು. ಚೇಷ್ಟೆಯಾದರೆ ತುಟಿಯ ಮೂಲೆಯಲ್ಲಾದರೂ ನಗು ಇರಬೇಕಲ್ಲ? ದುರಗೇಶನ ಮುಖ ಪರೇಡಿಗೆ ನಿಂತವನದು. ಮದುವೆಯಾದ ಹೊಸದರಲ್ಲಿ ಅವನ ಇಸ್ತ್ರಿ ಮಾಡಿಟ್ಟ ಯೂನಿಫಾರ್ಮನ್ನು ಗೀತಾ ಬಕೆಟಿನಲ್ಲಿ ನೆನೆಹಾಕಿದ್ದಳು. ಆವತ್ತೊಮ್ಮೆ ಅವನು “ನೀವು ಭಾಳ ಶಾಣ್ಯಾರದೀರಿ” ಅಂದಿದ್ದ, ಅಷ್ಟೇ. ಮುಂದೆ ಎಷ್ಟೋ ದಿನ ಮನೆಯಲ್ಲಿ ಮಾತಿರಲಿಲ್ಲ.

ತಮ್ಮೂರು ನವಲಿಗೆ ಹೋಗುವ ಬಸ್ಸಿನಲ್ಲೂ ಅದೇ ಕತೆ. ಕಿಟಕಿ ಕಡೆ ಕೂಡ್ರಿ ಅಂದ, ನೀರು ಕುಡಿತೀರೇನು ಅಂದ. ಪಕ್ಕದ ಸೀಟಿನ ಹೆಂಗಸು ಇಬ್ಬರನ್ನೂ ಅನುಮಾನದಿಂದ ನೋಡಿದಳು. ಗೀತಾ ಸೆರಗನ್ನು ಬಿಗಿಯಾಗಿ ಹೊದ್ದು, ತನ್ನಿಂದ ಏನು ತಪ್ಪಾಯಿತು ಎಂದು ಹೊಲ, ಮನೆ, ಫೋನು ಎಲ್ಲವನ್ನೂ ನೆನೆನೆನೆದು ನೋಡಿದಳು. ಏನೂ ಸಿಗಲಿಲ್ಲ.

ಮನೆಗೆ ಬಂದು ತಾಯಿ ಹುಲಿಗವ್ವನ ಕಾಲು ಮುಟ್ಟುವಾಗ ಅವನು “ಯವ್ವಾ, ಹೆಂಗದೀಬೆ?” ಅಂದ. ಅಲ್ಲಿ ರಿ ಇರಲಿಲ್ಲ! ಎದುರು ಮನೆಯ ನಾಯಿಗೂ ಇರಲಿಲ್ಲ. ಹಾಗಾದರೆ ಇದು ತನಗೊಬ್ಬಳಿಗೇ ಮೀಸಲು ಎಂದು ಗೀತಾ ಲೆಕ್ಕ ಹಾಕಿದಳು.

ರಿ ಒಂದೇ ಆಗಿದ್ದರೆ ನುಂಗಿಕೊಳ್ಳಬಹುದಿತ್ತು. ಮೊದಲೆಲ್ಲ ರಜೆಗೆ ಬಂದವನು ಹಾಸಿಗೆಯಲ್ಲೇ ಮಲಗಿ “ಗೀತಾ, ಚಾ ತಾ” ಎಂದು ಓಣಿಗೆ ಕೇಳುವಂತೆ ಕೂಗುತ್ತಿದ್ದ. ಈ ಸಲ ಮುಂಜಾನೆ ಅವಳು ಏಳುವುದರೊಳಗೆ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ತಾನೇ ಚಾ ಕುದಿಸುತ್ತಿದ್ದ. ಸ್ನಾನದ ನೀರು ತಾನೇ ತೋಡಿಕೊಂಡ, ಉಂಡ ತಾಟು ತಾನೇ ಬೆಳಗಿಟ್ಟ. ಹುಲಿಗವ್ವ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿ, ಮಿಲಿಟ್ರಿಯವರು ಮಗನನ್ನು ಅಡಿಗೆಭಟ್ಟನನ್ನಾಗಿ ಮಾಡಿ ಕಳಿಸಿದ್ದಾರೆ ಎಂದು ಗೊಣಗಿದಳು. ಗೀತಾಳಿಗೆ ಮಾತ್ರ ಬೇರೆಯೇ ಕಂಡಿತು. ತನ್ನ ಕೈಯಿಂದ ಒಂದು ಲೋಟ ಚಾ ಕುಡಿಯುವುದೂ ಇವನಿಗೆ ಬೇಡವಾಗಿದೆ. ಮನಸ್ಸು ಮುರಿದಿದೆ.

ಒಮ್ಮೆ ಧೈರ್ಯ ಮಾಡಿ ಕೇಳಿಯೇಬಿಟ್ಟಳು, “ಏನಾಗೇತ್ರಿ ನಿಮಗ?”

“ಏನಿಲ್ರಿ,” ಅಂದ ಮಹಾಶಯ. ಅದಕ್ಕೂ ಒಂದು ರಿ!

ಭತ್ತದ ನಾಟಿಗೆ ಹೋದಾಗ ಪಕ್ಕದ ಸಾಲಿನಲ್ಲಿ ಬಗ್ಗಿದ್ದ ಗೆಳತಿ ದಾವಲಬೀಗೆ ಗೀತಾ ಎಲ್ಲವನ್ನೂ ಹೇಳಿಕೊಂಡಳು. ದಾವಲಬೀ ಒಳ್ಳೆಯವಳು, ಆದರೆ ಸಮಾಧಾನ ಹೇಳಲು ಬಾರದವಳು. ಅವಳ ಮೈದುನನೂ ಹೆಂಡತಿಗೆ ಇದ್ದಕ್ಕಿದ್ದಂತೆ ‘ಆಪ್’, ಅಂದರೆ ನೀವು, ಅನ್ನತೊಡಗಿದ್ದನಂತೆ, ಮುಂದಿನ ಮಳೆಗಾಲದೊಳಗೆ ಸಿಂಧನೂರಿನಲ್ಲಿ ಇನ್ನೊಂದು ಸಂಸಾರ ಹೂಡಿದ್ದನಂತೆ. ಇಷ್ಟು ಹೇಳಿ, ನಿನ್ನ ಗಂಡ ಹಂಗಲ್ಲ ಬಿಡು ಎಂದು ಬೇರೆ ಸೇರಿಸಿದಳು. ಗೀತಾ ಕೆಸರಿನಲ್ಲಿ ಸಸಿ ಊರುತ್ತಲೇ ಅತ್ತಳು. ಬಗ್ಗಿ ನಾಟಿ ಮಾಡುವವರ ಕಣ್ಣೀರು ಯಾರಿಗೂ ಕಾಣುವುದಿಲ್ಲ, ಅದೊಂದು ಅನುಕೂಲ. ರಜೆ ಮುಗಿಯುತ್ತ ಬಂದಿತ್ತು. ಹೀಗೇ ರಿ ಅನ್ನುತ್ತಲೇ ಇವನು ಹೋಗಿಬಿಟ್ಟರೆ, ತಾನು ಅವನಿಗೆ ಯಾರು ಎಂದು ತಿಳಿಯದೆಯೇ ವರ್ಷ ಕಳೆಯಬೇಕಲ್ಲ ಎಂಬ ಸಂಕಟ ಅವಳದು.

ಹಾಗಿರುವಾಗ ಕೊಪ್ಪಳದಿಂದ ಐಶ್ವರ್ಯ ಎಂಬ ಹೆಣ್ಣುಮಗಳು ಬಂದಳು. ಕಾಲೇಜಿನಲ್ಲಿ ಪಾಠ ಹೇಳುವವಳು. ದುರಗೇಶನ ಪಲ್ಟಣದಲ್ಲಿ ಜವಾನರಿಗೆ ಸಂವಿಧಾನದ ಕ್ಲಾಸು ಶುರುವಾಗಿತ್ತು: ಮತ ಅಂದರೇನು, ಹಕ್ಕು ಅಂದರೇನು, ಬಂದೂಕು ಹಿಡಿದವನು ಜನರಿಗೆ ಯಾಕೆ ತಲೆಬಾಗಬೇಕು ಅನ್ನುವ ಪಾಠ. ಆ ಪಾಠ ಜವಾನರಿಗೆ ನಾಟಿದೆಯೋ ಇಲ್ಲವೋ ಎಂದು ರಜೆಯಲ್ಲಿದ್ದವರ ಮನೆಗೇ ಹೋಗಿ ತಿಳಿದು ಬರುವುದನ್ನು ಅವಳಿಗೆ ವಹಿಸಿದ್ದರು. ಯಲಬುರ್ಗಾ, ಕುಷ್ಟಗಿ ಕಡೆಯ ಮನೆಗಳನ್ನು ಮುಗಿಸಿ ನವಲಿಗೆ ಬಂದಿದ್ದಳು.

ಮೊದಲು ದುರಗೇಶನ ಸರದಿ. ಅವನು ಕಟ್ಟೆಯ ಮೇಲೆ ನೆಟ್ಟಗೆ ಕೂತು, ಕೇಳಿದ್ದಕ್ಕೆಲ್ಲ ಗುಂಡು ಹಾರಿಸಿದಂತೆ ಉತ್ತರ ಕೊಟ್ಟ. ಸಂವಿಧಾನದ ಪೀಠಿಕೆಯನ್ನು ಹಿಂದಿಯಲ್ಲಿ ಉಸಿರು ಬಿಡದೆ ಒಪ್ಪಿಸಿದ. ಹುಲಿಗವ್ವನಿಗೆ ಒಂದಕ್ಷರವೂ ತಿಳಿಯಲಿಲ್ಲ, ಆದರೂ ಮಗನಿಗೆ ದೃಷ್ಟಿ ತೆಗೆದಳು. ಆಮೇಲೆ ಐಶ್ವರ್ಯ, ಮನೆಯವರನ್ನು ಬೇರೆಯಾಗಿ ಕೇಳಬೇಕು ಎಂದು ಅವನನ್ನು ಹೊರಗೆ ಕಳಿಸಿ, ಗೀತಾಳ ಹತ್ತಿರ ಚಾಪೆಯ ಮೇಲೆ ಕೂತಳು. ಕ್ಲಾಸಿಗೆ ಹೋದ ಮೇಲೆ ಇವರ ನಡವಳಿಕೆ ಮನೆಯಲ್ಲಿ ಸುಧಾರಿಸಿದೆಯೋ, ಮೊದಲಿನಂತೆಯೇ ಇದೆಯೋ, ಕೆಟ್ಟಿದೆಯೋ ಎಂದು ಕೇಳಿದಳು.

ಗಂಡನ ನೌಕರಿಯ ಮಾತು, ಏನಾದರೂ ಒಳ್ಳೆಯದು ಹೇಳಿ ಕಳಿಸುವುದು ಧರ್ಮ ಎಂದು ಗೀತಾಳಿಗೆ ಗೊತ್ತಿತ್ತು. ಆದರೆ ಇಷ್ಟು ದಿನ ಕಟ್ಟಿಟ್ಟದ್ದು ಬಾಯಿಗೆ ಬಂದುಬಿಟ್ಟಿತು.

“ಕೆಟ್ಟೈತ್ರಿ ಮೇಡಂ,” ಅಂದಳು. “ಪೂರಾ ಕೆಟ್ಟೈತಿ. ನಂಗ ರಿ ಅಂತಾರ.”

ಐಶ್ವರ್ಯಳ ಕೈಯಲ್ಲಿನ ಪೆನ್ನು ಅಲ್ಲೇ ನಿಂತಿತು. ಗೀತಾ ಮೂಗು ಒರೆಸಿಕೊಳ್ಳುತ್ತ ಚಾದ ಸಂಗತಿ, ತಾಟಿನ ಸಂಗತಿ, ದಾವಲಬೀಯ ಮೈದುನನ ಸಂಗತಿ ಎಲ್ಲವನ್ನೂ ಹೇಳಿದಳು. ಕೇಳುತ್ತ ಕೇಳುತ್ತ ಐಶ್ವರ್ಯ ಹಣೆಗೆ ಕೈ ಹಚ್ಚಿಕೊಂಡಳು. ನಗು ಬರುತ್ತಿತ್ತು, ಎದುರಿಗಿದ್ದವಳ ಮುಖ ನೋಡಿ ತಡೆದುಕೊಂಡಳು. ಆಮೇಲೆ ಬಿಡಿಸಿ ಹೇಳಿದಳು. ಕ್ಲಾಸಿನಲ್ಲಿ ಜವಾನರಿಗೆ ಒಂದು ಮನೆಗೆಲಸ ಕೊಟ್ಟಿದ್ದರಂತೆ. ಮನೆಯಲ್ಲಿ ನೀವು ಯಾರಿಗೆ ಹುಕುಂ ಕೊಡುತ್ತೀರೋ ಅವರೊಬ್ಬರ ಜೊತೆ ರಜೆ ಪೂರ್ತಿ ‘ಆಪ್’ ಎಂದು ಮಾತಾಡಿ, ಯಾಕೆ ಅಂತ ಮಾತ್ರ ಹೇಳಬೇಡಿ ಎಂದು. ಪಾಠ ಬರೆದವರು ಹಿಂದಿಯಲ್ಲಿ ಬರೆದಿದ್ದರು. ನವಲಿಯಲ್ಲಿ ಗಂಡನ ಬಾಯಿಂದ ರಿ ಬಂದರೆ ಹೆಂಡತಿಯ ಜೀವ ಹಾರಿಹೋಗುತ್ತದೆಂದು ಆ ಪುಣ್ಯಾತ್ಮರಿಗೆ ಯಾರು ಹೇಳಬೇಕು?

ಗೀತಾಳಿಗೆ ಮೊದಲು ಹಗುರವಾಯಿತು. ಸಿಂಧನೂರಿನ ಸಂಸಾರ ಕಣ್ಣೆದುರಿಂದ ಕರಗಿತು. ಅದರ ಬೆನ್ನಿಗೇ ಸಿಟ್ಟು ಬಂತು, ಎಂಥ ಸಿಟ್ಟು ಅಂತೀರಿ! ಎದ್ದು ಬಾಗಿಲಿಗೆ ಹೋಗಿ ಗಂಡನನ್ನು ಒಳಗೆ ಕರೆದಳು.

“ಮ್ಯಾಲಿನವರು ಹೇಳ್ಯಾರಂತ ನಂಗ ಮರ್ಯಾದಿ ಕೊಟ್ರಿ?” ಎಂದು ಕೇಳಿದಳು. “ಅದೂ ಹುಕುಮ ಆತಲ್ರಿ. ನಿಮಗ ಅವರು ಹುಕುಂ ಮಾಡಿದ್ರು, ನೀವು ತಂದು ನನ್ನ ಮ್ಯಾಲೆ ಸುರುವಿದ್ರಿ. ಹುಕುಮಿನ ಮರ್ಯಾದಿ ನಂಗ ಬ್ಯಾಡ.”

ದುರಗೇಶ ಐಶ್ವರ್ಯಳನ್ನು ನೋಡಿದ. ಗುಟ್ಟು ಹೊರಬಿದ್ದಿದೆ ಎಂದು ತಿಳಿದು ಅವನ ಹೆಗಲು ಸಡಿಲವಾಯಿತು. ಗೋಡೆಗೆ ಒರಗಿ, ನೆಲ ನೋಡುತ್ತ ನಿಧಾನಕ್ಕೆ ಹೇಳಿದ.

“ಮೊದಲ ನಾಕ ದಿನ ಹುಕುಮ ಇತ್ತು, ಸುಳ್ಳ್ಯಾಕ ಹೇಳ್ಲಿ. ಆದ್ರ ಚಾ ಮಾಡು ಅಂತ ಯಾರೂ ಹೇಳಿದ್ದಿಲ್ಲ. ಚಾ ತಾ ಅನ್ನಾಕ ಬರತೈತಿ, ಗೀತಾ. ಮಲಕೊಂಡು ಚಾ ತರ್ರಿ ಅನ್ನಾಕ ಹೋದೆ, ಬಾಯಾಗ ಬರಲಿಲ್ಲ. ನಾಚಿಕಿ ಆತು. ಎದ್ದು ನಾನ ಮಾಡ್ಕೊಂಡೆ. ಇಷ್ಟು ವರ್ಷ ನೀ ಹೊಲದಿಂದ ಬಂದು ಸೊಂಟ ಹಿಡ್ಕೊಂಡು ಚಾ ಕೊಡ್ತಿದ್ದಿ, ನಾ ಮಲಕೊಂಡು ಕುಡೀತಿದ್ದೆ. ಅದು ಆವತ್ತ ಕಾಣ್ತು.”

ಗೀತಾ ಎಲ್ಲಕ್ಕಿಂತ ಮೊದಲು ಕೇಳಿಸಿಕೊಂಡದ್ದು ಆ ‘ನೀ’. ಎಷ್ಟು ದಿನದ ಮೇಲೆ ಬಂದಿತ್ತು! ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು, ಈ ಸಲ ಬಗ್ಗಿರಲಿಲ್ಲ, ಎಲ್ಲರಿಗೂ ಕಂಡಿತು. ಹುಲಿಗವ್ವ, ಸೊಸೆಯನ್ನು ಅಳಿಸಲಿಕ್ಕೆ ದೇಶ ಕಾಯಲಿಕ್ಕೆ ಹೋಗಬೇಕಿತ್ತೇ ಎಂದು ಮಗನನ್ನು ಬೈದಳು. ಬೈಯುತ್ತಲೇ ಸೊಸೆಯ ಬೆನ್ನು ಸವರಿದಳು.

ಐಶ್ವರ್ಯ ಮಾತ್ರ ಪೇಚಿಗೆ ಬಿದ್ದಿದ್ದಳು. ಸುಧಾರಿಸಿದೆಯೋ ಕೆಟ್ಟಿದೆಯೋ, ಈಗ ಏನೆಂದು ಬರೆಯುವುದು ಎಂದು ಗೀತಾಳನ್ನೇ ಕೇಳಿದಳು. ಗೀತಾ ಕಣ್ಣೊರೆಸಿಕೊಂಡು, ವ್ಯಾಪಾರಕ್ಕೆ ಕೂತವಳ ಹಾಗೆ ಒಂದು ಗಳಿಗೆ ಯೋಚಿಸಿದಳು.

“ರಿ ಬ್ಯಾಡ, ಚಾ ಇರಲಿ. ಹಂಗ ಬರಕೋರಿ.”

ಐಶ್ವರ್ಯ ಒಂದಕ್ಷರ ಬದಲಿಸದೆ ಹಾಗೆಯೇ ಬರೆದುಕೊಂಡಳು. ದುರಗೇಶ ಮಾಡಿದ ಚಾ ಕುಡಿದಳು, ಸಕ್ಕರೆ ಭಾಳ ಆಗಿದೆ ಎಂದು ಅದನ್ನೂ ಬರೆದುಕೊಳ್ಳುವವಳ ಹಾಗೆ ನಟಿಸಿ ಅವನನ್ನು ಗಾಬರಿಪಡಿಸಿ ಹೊರಟಳು.

ಉಳಿದ ದಿನಗಳು ಹೇಗೆ ಹೋದವೋ ಗೊತ್ತಾಗಲಿಲ್ಲ. ದುರಗೇಶ ಮೊದಲಿನಂತೆ ಓಣಿಗೆ ಕೇಳುವ ಹಾಗೆ ಕೂಗಿದ, ಆದರೆ ಈಗ ಕೂಗುತ್ತಿದ್ದದ್ದು “ಗೀತಾ, ಚಾ ಆಗೇತಿ, ಬಾ” ಎಂದು. ದಾವಲಬೀ ನಾಟಿಯ ಸಾಲಿನಲ್ಲಿ ಇದರ ನಕಲು ಮಾಡಿ ತೋರಿಸಿ ಹೆಂಗಸರನ್ನೆಲ್ಲ ನಗಿಸಿದಳು. ಗೀತಾ ಸಿಟ್ಟಿನ ಮುಖ ಮಾಡಿದಳು, ಮನಸ್ಸಿನಲ್ಲಿ ಹಿಗ್ಗಿದಳು. ಆದರೂ ಅವಳನ್ನು ಒಂದು ಯೋಚನೆ ಕಾಡುತ್ತಿತ್ತು. ಅವನು ‘ನೀ’ ಅಂದರೆ ತನಗೆ ಇಷ್ಟು ಹತ್ತಿರ ಅನ್ನಿಸುತ್ತದೆ. ಮದುವೆಯಾದಾಗಿನಿಂದ ತಾನು ಮಾತುಮಾತಿಗೂ ರಿ ಅಂದದ್ದು ಅವನಿಗೆ ಹೇಗೆ ಕೇಳಿಸಿರಬೇಕು? ಇದನ್ನು ಅವಳು ಯಾರನ್ನೂ ಕೇಳಲಿಲ್ಲ.

ಹೊರಡುವ ದಿನ ಮತ್ತೆ ಅದೇ ಗಂಗಾವತಿ ಬಸ್ ನಿಲ್ದಾಣ. ಅಕ್ಕಿ ಗಿರಣಿಯ ಕೂಲಿಯವರು, ಸಂತೆಗೆ ಬಂದವರು, ಗದ್ದಲವೋ ಗದ್ದಲ. ಶೇಂಗಾ ಗಾಡಿಯವನು ಈ ಸಲ ತನ್ನ ಜಾಗದಲ್ಲೇ ಇದ್ದ. ದುರಗೇಶ ಟ್ರಂಕನ್ನು ಮೇಲೆ ಹಾಕಿಸಿ, ಬಾಗಿಲಲ್ಲಿ ಒಂದು ಕಾಲಿಟ್ಟು, “ಬರ್ತೀನಿ ಗೀತಾ, ಯವ್ವನ್ನ ನೋಡ್ಕೋ” ಅಂದ. ಪ್ರತಿ ಸಲ ಇದಕ್ಕೆ ಅವಳ ಉತ್ತರ ಒಂದೇ ಇತ್ತು, ಹೋಗಿ ಬರ್ರಿ ಎಂದು. ಸುತ್ತ ಅಷ್ಟು ಮಂದಿ ನಿಂತಿದ್ದರು. ಗೀತಾ ಯಾರನ್ನೂ ನೋಡಲಿಲ್ಲ.

“ಹೋಗಿ ಬಾ,” ಅಂದಳು.

ಶೇಂಗಾ ಗಾಡಿಯವನು ತಲೆ ಎತ್ತಿದ. ದುರಗೇಶ ಮೆಟ್ಟಿಲ ಮೇಲೆ ನಿಂತೇಬಿಟ್ಟ, ಹಿಂದಿನವರು ನೂಕುತ್ತಿದ್ದರೂ ಸರಿಯಲಿಲ್ಲ. ಕಂಡಕ್ಟರು ಒಳಗೆ ನಡೀರಿ, ನಡೀರಿ ಎಂದು ಗದರಿದ ಮೇಲೆಯೇ ಅವನು ಒಳಗೆ ಹೋಗಿ ಕೂತದ್ದು.