ಕಣ್ಣಾರೆ ಕಂಡು ತಿನ್ನುವ ಇಡ್ಲಿ

ಮುಂದಿನ ಕಾಲದ ಹೋಟೆಲ್ ಹೇಗಿರುತ್ತದೆಂದು ಚಾಮರಾಜಪೇಟೆಗೆ ಮೊದಲು ಹೇಳಿದವನು ನಾನೇ. ಎಪ್ಪತ್ತೆಂಟನೇ ಇಸವಿ. ಹೈಸ್ಕೂಲ್ ಮೇಷ್ಟ್ರು, ಮೇಲಾಗಿ ವಾರಪತ್ರಿಕೆ ಓದುವವನು. ಸುಮ್ಮನಿರಲು ಆಗುತ್ತದೆಯೇ?

ನನ್ನ ಹಳೆಯ ಶಿಷ್ಯ ಬದರೀನಾರಾಯಣನ ಹೋಟೆಲಿಗೆ ಬರುವವರು ಕಡಿಮೆಯಾಗಿದ್ದರು. ಏನು ಮಾಡುವುದೆಂದು ಕೇಳಿದ.

"ಇನ್ಮೇಲೆ ಗಿರಾಕಿ ಬರೀ ತಿನ್ನಲ್ಲ ಬದರಿ, ನೋಡ್ತಾನೆ. ಫಾರಿನ್ನಲ್ಲಿ ಅಡಿಗೆಮನೆಗೆ ಗೋಡೇನೇ ಇಲ್ವಂತೆ. ನೀನೂ ಒಡೆದು ಗಾಜು ಹಾಕ್ಸು."

ಬದರಿ ಕತ್ತು ತುರಿಸಿಕೊಂಡ. "ಒಳಗೆ ಸಿದ್ದಮ್ಮ ಇದಾಳಲ್ಲ ಸಾರ್."

ಸಿದ್ದಮ್ಮ ಎಂಬವಳಿದ್ದಾಳೆಂದು ನನಗೆ ಗೊತ್ತಾದದ್ದೇ ಆಗ. ಬಿನ್ನಿಪೇಟೆಯ ಹೊಲೆಯರ ಹೆಂಗಸು, ಗಂಡ ಇಲ್ಲ. ಹದಿನೆಂಟು ವರ್ಷದಿಂದ ಹಿತ್ತಲ ಬಾಗಿಲಿಂದ ಬಂದು, ಹಿಟ್ಟು ರುಬ್ಬಿ, ಹಿತ್ತಲ ಬಾಗಿಲಿಂದಲೇ ಹೋಗುತ್ತಿದ್ದಳು. ಅವಳ ಮನೆ ನಡೆಯುತ್ತಿದ್ದದ್ದೇ ಆ ಕೆಲಸದಿಂದ. ಹೋಟೆಲಿನ ಬೋರ್ಡಿನ ಮೇಲೆ 'ಮಡಿ, ಶುಚಿ, ರುಚಿ' ಎಂದಿತ್ತು. ರುಚಿ ಅವಳದು, ಶುಚಿಯೂ ಅವಳದೇ. ಮಡಿಗೆ ಮಾತ್ರ ಗೋಡೆ ಬೇಕಾಗಿತ್ತು.

ಹಾಗಾದರೆ ಗೋಡೆ ಇರಲಿ ಬಿಡು ಎನ್ನಬಹುದಿತ್ತು. ಎನ್ನಲಿಲ್ಲ. ನನ್ನ ಐಡಿಯಾ ಕೆಡುವುದು ನನಗೆ ಇಷ್ಟವಿರಲಿಲ್ಲ.

ಗೋಡೆ ಬಿತ್ತು, ಗಾಜು ಬಂತು. ಸಿದ್ದಮ್ಮನ ಜಾಗದಲ್ಲಿ ಕೊಯಮತ್ತೂರಿನ ರುಬ್ಬುವ ಮಿಷನ್ನು ಕೂತಿತು. ಅದರ ಪಕ್ಕ ಬದರಿಯ ಭಾವಮೈದ ರಾಮಸ್ವಾಮಿ ನಿಂತ: ಬರಿಮೈ, ಜನಿವಾರ, ಹಣೆ ತುಂಬ ನಾಮ. ಅಂಚೆ ಇಲಾಖೆಯಿಂದ ರಿಟೈರಾಗಿದ್ದ ಶ್ರೀನಿವಾಸಯ್ಯನವರು ಗಾಜಿನ ಪಕ್ಕದ ಕುರ್ಚಿ ಹಿಡಿದರು. "ಕಣ್ಣಾರೆ ಕಂಡು ತಿನ್ನೋದೇ ಬೇರೆ ಮೇಷ್ಟ್ರೇ" ಎಂದರು. ಒಂದು ಇಡ್ಲಿ ತಿಂದು ಇನ್ನೊಂದನ್ನು ತಟ್ಟೆಯಲ್ಲೇ ಬಿಟ್ಟರು. ಇಡ್ಲಿ ಕಲ್ಲಾಗಿತ್ತು. ವಾರದೊಳಗೆ ಜನ ನೋಡುವುದಕ್ಕೆ ಇಲ್ಲಿಗೆ ಬಂದು, ತಿನ್ನುವುದಕ್ಕೆ ಪಕ್ಕದ ಬೀದಿಗೆ ಹೋಗತೊಡಗಿದರು.

ಬದರಿಯೂ ನಾನೂ ಬಿನ್ನಿಪೇಟೆಗೆ ಹೋದೆವು. ಸಿದ್ದಮ್ಮ ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು.

"ಮಿಷನ್ನಲ್ಲಿ ಹಿಟ್ಟು ಬಿಸಿಯಾಗ್ತದೆ ಸ್ವಾಮಿ, ಇಡ್ಲಿ ಎಲ್ಲಿ ಉಬ್ತದೆ?" ಎಂದು ನಕ್ಕಳು. ಮನೆಯಲ್ಲೇ ರುಬ್ಬಿ, ಬೆಳಕು ಹರಿಯುವ ಮುಂಚೆ ಹಿತ್ತಲ ಬಾಗಿಲಿಗೆ ಹಿಟ್ಟು ಕಳಿಸಲು ಒಪ್ಪಿದಳು. "ಆದ್ರೆ ಒಂದ್ ಮಾತು. ಒಂದ್ ದಿನ ನಾನು ಮುಂದಿನ ಬಾಗ್ಲಿಂದ ಬಂದು, ಕುರ್ಚಿ ಮೇಲೆ ಕೂತು ತಿನ್ತೀನಿ."

ಬದರಿ ನನ್ನನ್ನು ನೋಡಿದ. ನಾನು ನೆಲ ನೋಡಿದೆ. "ಆಯ್ತು, ಬಾಮ್ಮ" ಎಂದ ಬದರಿ.

ಅಂದಿನಿಂದ ಗಾಜಿನ ಹಿಂದೆ ಮಿಷನ್ನು ಬರೀ ತೋರಿಕೆಗೆ ಒಂದು ಹಿಡಿ ಅಕ್ಕಿ, ಒಂದು ಚೊಂಬು ನೀರನ್ನು ಗರಗರ ತಿರುಗಿಸುತ್ತಿತ್ತು. ಹೋಟೆಲ್ ಮತ್ತೆ ತುಂಬಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಮಕ್ಕಳಿಗೆ ಪಾಠ ಹೇಳುವ ನಾನೂ ಬಾಯಿ ಮುಚ್ಚಿಕೊಂಡು ಎರಡೆರಡು ಪ್ಲೇಟು ತಿಂದೆ.

ಒಂದು ಭಾನುವಾರ ಸಿದ್ದಮ್ಮ ಬಂದಳು. ಮಡಿಕೆ ಮುರಿಯದ ಸೀರೆ, ನೀಟಾಗಿ ಬಾಚಿದ ತಲೆ. ಖಾಲಿಯಿದ್ದದ್ದು ಶ್ರೀನಿವಾಸಯ್ಯನವರ ಎದುರಿನ ಕುರ್ಚಿ ಒಂದೇ. ಅದರಲ್ಲೇ ಕೂತು ಇಡ್ಲಿ ತರಿಸಿಕೊಂಡಳು. ಪಕ್ಕದ ಟೇಬಲ್ಲಿನಲ್ಲಿದ್ದ ನಾನು ಕಾಫಿ ಲೋಟ ಕೆಳಗಿಟ್ಟೆ.

"ಹೊಸಬರಾ? ತಿನ್ನೀಮ್ಮ" ಎಂದರು ಶ್ರೀನಿವಾಸಯ್ಯನವರು ಧಾರಾಳವಾಗಿ. "ಅಲ್ನೋಡಿ, ಎಷ್ಟು ಮಡಿ! ಅದಕ್ಕೇ ಈ ರುಚಿ."

ಸಿದ್ದಮ್ಮ ಒಂದು ತುತ್ತು ತಿಂದಳು. "ಉಪ್ಪು ಒಂಚೂರು ಕಮ್ಮಿ ಆಗಿದೆ ಸ್ವಾಮಿ. ನಾಳೆ ಸರಿಯಾಗಿ ಹಾಕಿ ಕಳಿಸ್ತೀನಿ."

ಗಲ್ಲಾದಲ್ಲಿ ಬದರಿ ಬಿಳಿಚಿಕೊಂಡ. ಶ್ರೀನಿವಾಸಯ್ಯನವರು ಒಂದು ಕೂಗು ಹಾಕಿ ಎದ್ದರೆ ಹೋಟೆಲ್ ಖಾಲಿ, ಸಿದ್ದಮ್ಮನ ಅನ್ನವೂ ಹೋಯಿತು. ಅದು ಅವಳಿಗೂ ಗೊತ್ತಿತ್ತು. ತಲೆ ಎತ್ತಿಕೊಂಡೇ ತಿನ್ನುತ್ತಿದ್ದಳು. ಹದಿನೆಂಟು ವರ್ಷ ಅವಳ ಕೈಯಡಿಗೆ ಉಂಡ ನನಗೆ ಎದ್ದು ಒಂದು ಮಾತಾಡುವ ಧೈರ್ಯ ಬರಲಿಲ್ಲ. ನಾಚಿಕೆಯಾಯಿತು.

ರುಬ್ಬುಗಲ್ಲು ತಿರುಗಿಸಿ ದಡ್ಡುಗಟ್ಟಿದ ಅವಳ ಅಂಗೈಯನ್ನು ಶ್ರೀನಿವಾಸಯ್ಯನವರು ನೋಡಿದರು. ತಿರುಗುತ್ತಿದ್ದ ಮಿಷನ್ನನ್ನು ನೋಡಿದರು. ತಮ್ಮ ತಟ್ಟೆಯಲ್ಲಿ ಉಳಿದಿದ್ದ ಅರ್ಧ ಇಡ್ಲಿಯನ್ನು ನೋಡಿದರು. ಅದನ್ನು ತಿಂದು, ಕೈ ತೊಳೆದು ಹೊರಟುಹೋದರು.

ಮತ್ತೆ ಬರಲಾರರೆಂದುಕೊಂಡಿದ್ದೆವು. ಮರುದಿನ ಬೆಳಿಗ್ಗೆ ಏಳಕ್ಕೇ ಬಂದು ಅದೇ ಕುರ್ಚಿಯಲ್ಲಿ ಕೂತರು. ಒಂದು ತುತ್ತು ಬಾಯಿಗಿಟ್ಟು, ಗಾಜಿನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದರು:

"ಭೇಷ್ ರಾಮಸ್ವಾಮಿ! ಇವತ್ತು ಉಪ್ಪು ಸರಿಯಾಗಿ ಬಿದ್ದಿದೆ."